ಎದೆಗೂಡಿನ ಒಳಗೆ ಏನಿದೆ?



ಪಂಪ್‌ಸೆಟ್ಟು ನೀರೆತ್ತದೆ ಹೋದರೆ ನಾವು ಸುಮ್ಮನೆ ಕೂರುವುದಿಲ್ಲ. ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯೋ, ಪೈಪು ಗಾಳಿ ಎಳೆಯುತ್ತಿದೆಯೋ, ಫ್ಯೂಸು ಹೋಗಿದೆಯೋ ಎಂದು ಒಂದೊಂದಾಗಿ ನೋಡುತ್ತೇವೆ. ಒಳಗೆ ಏನೇನಿದೆ ಎಂಬುದನ್ನು ತಿಳಿದಿರುವುದರಿಂದಲೇ ಅಷ್ಟು ಮಾಡಲು ಸಾಧ್ಯ. ಆದರೆ ಹುಟ್ಟಿದ ಗಳಿಗೆಯಿಂದ ಕೊನೆಯವರೆಗೆ ಒಂದು ಕ್ಷಣವೂ ಬಿಡುವಿಲ್ಲದೆ ನಮ್ಮ ಎದೆಯೊಳಗೆ ದುಡಿಯುವ ಯಂತ್ರದ ವಿಷಯದಲ್ಲಿ ನಮ್ಮ ತಿಳಿವಳಿಕೆ ಬಲು ಕಡಿಮೆ. ಅಲ್ಲಿ ಏನೇ ಆಗಲಿ, ‘ವಾಯು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಕಳೆದ ಸುಗ್ಗಿಯಲ್ಲಿ ನಮ್ಮ ವಲಯದ ಒಂದು ಹಳ್ಳಿಯಲ್ಲಿ ನಡೆದ ಸಂಗತಿ ಹೇಳುತ್ತೇನೆ. ರಾಗಿ ಒಕ್ಕಣೆಯ ದಿನ. ಐವತ್ತು ದಾಟಿದ ಒಬ್ಬ ರೈತರು ಸಂಜೆ ಕಣದ ಅಂಚಿನಲ್ಲಿ ಕುಳಿತು ಎದೆಯನ್ನು ಅಂಗೈಯಿಂದ ಒತ್ತಿಕೊಳ್ಳತೊಡಗಿದರು. ಚಳಿ ಬೀಳುತ್ತಿದ್ದರೂ ಅವರ ಹಣೆ ಬೆವರುತ್ತಿತ್ತು. ‘ರಾತ್ರಿಯ ಅವರೆಕಾಳು ಸಾರು ವಾಯು ಮಾಡಿದೆ’ ಎಂದರು ಒಬ್ಬರು. ಒಬ್ಬರು ಸೋಡಾ ತರಿಸಿದರು, ಇನ್ನೊಬ್ಬರು ಓಮ, ಉಪ್ಪು ಅಗಿಯಲು ಕೊಟ್ಟರು. ಅಲ್ಲಿ ನಾನೂ ಇದ್ದೆ. ‘ಗ್ಯಾಸು ಇರಬೇಕು, ಸ್ವಲ್ಪ ಮಲಗಿ ಯಜಮಾನರೇ’ ಎಂದು ನಾನೂ ಹೇಳಿದೆ. ಓದಿದವನೇ ಹೇಳಿದನಲ್ಲ ಎಂದು ಮನೆಯವರು ಸುಮ್ಮನಾದರು. ಬೆಳಗಿನ ಜಾವ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿಯೇ ಅವರು ತೀರಿಕೊಂಡರು. ಅದು ಹೃದಯಾಘಾತವಾಗಿತ್ತು. ಸಂಜೆಯೇ ಕರೆತಂದಿದ್ದರೆ ಉಳಿಸಲು ಮಾರ್ಗವಿತ್ತು ಎಂದರು ವೈದ್ಯರು.

ಎಲೆಯ ಮೇಲಿನ ಚುಕ್ಕೆ ನೋಡಿ ಬೆಳೆಯ ರೋಗ ಹೇಳಲು ಕಲಿತವನು ನಾನು. ಮನುಷ್ಯನ ಎದೆಯ ಮೇಲಿನ ಕೈಯನ್ನು ನೋಡಿ ಏನೂ ತಿಳಿಯದೆ ಹೋದೆ. ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿ ಕುಳಿತು ಕೇಳಿ ತಿಳಿದುದನ್ನು ಇಲ್ಲಿ ಪಾಠದಂತೆ ಬರೆದಿದ್ದೇನೆ. ಓದು ಬಲ್ಲವರು ಇತರರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ.

1. ಗೂಡು

ಎದೆಯೆಂಬುದು ಹೆಣೆದ ಬುಟ್ಟಿಯಂತಹ ಒಂದು ಗೂಡು. ಹಿಂದೆ ಬೆನ್ನುಮೂಳೆ, ಮುಂದೆ ಚಪ್ಪಟೆಯಾದ ಎದೆಮೂಳೆ, ಸುತ್ತಲೂ 12 ಜೊತೆ ಪಕ್ಕೆಲುಬುಗಳು. ಮೇಲಿನ 7 ಜೊತೆ ನೇರವಾಗಿ ಎದೆಮೂಳೆಗೆ ಬಂದು ಸೇರುತ್ತವೆ. ಅವುಗಳ ಕೆಳಗಿನ 3 ಜೊತೆ ತಮ್ಮ ಮೇಲಿನ ಪಕ್ಕೆಲುಬಿಗೆ ಮೆದು ಎಲುಬಿನಿಂದ ಅಂಟಿಕೊಂಡಿವೆ. ಕಡೆಯ 2 ಜೊತೆಗೆ ಮುಂದುಗಡೆ ಆಸರೆಯಿಲ್ಲ. ಗಂಡಸಿಗೆ ಒಂದು ಪಕ್ಕೆಲುಬು ಕಡಿಮೆ ಎಂದು ಕೆಲವರು ಹೇಳುವುದುಂಟು. ಅದು ನಿಜವಲ್ಲ. ಇಬ್ಬರಿಗೂ ಸಾಮಾನ್ಯವಾಗಿ 24 ಪಕ್ಕೆಲುಬುಗಳೇ ಇರುತ್ತವೆ.

ಈ ಬುಟ್ಟಿಯ ತಳ ಎಲುಬಿನದಲ್ಲ, ಮಾಂಸದ ಹಾಳೆಯದು. ಇದಕ್ಕೆ ವಪೆ ಎಂದು ಹೆಸರು. ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡುವ ಅಡ್ಡಗೋಡೆ ಇದೇ. ವಪೆಯ ಮೇಲೆ ಶ್ವಾಸಕೋಶಗಳು ಮತ್ತು ಹೃದಯ. ಕೆಳಗೆ ಜಠರ, ಯಕೃತ್ತು, ಗುಲ್ಮ.

2. ತಿದಿ

ಕಮ್ಮಾರನ ತಿದಿ ಹಿಗ್ಗಿದಾಗ ಗಾಳಿ ತಾನಾಗಿ ಒಳಗೆ ಬರುತ್ತದೆ, ಒತ್ತಿದಾಗ ಹೊರಗೆ ಹೋಗುತ್ತದೆ. ಉಸಿರಾಟವೂ ಹಾಗೆಯೇ. ವಪೆ ಕೆಳಕ್ಕೆ ಸರಿದು ಪಕ್ಕೆಲುಬುಗಳು ಮೇಲೆದ್ದಾಗ ಎದೆಗೂಡು ಅಗಲವಾಗಿ, ಮೂಗಿನ ಮೂಲಕ ಗಾಳಿ ಒಳನುಗ್ಗುತ್ತದೆ. ಅವು ಸಡಿಲಗೊಂಡಾಗ ಗಾಳಿ ಹೊರಬರುತ್ತದೆ. ಸುಮ್ಮನೆ ಕುಳಿತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಒಂದೊಂದು ಸಲಕ್ಕೆ ಸುಮಾರು ಅರ್ಧ ಲೀಟರು ಗಾಳಿ.

ಕುರಿ ಕೊಯ್ದಾಗ ಶ್ವಾಸಕೋಶವನ್ನು ನೀವು ನೋಡಿರುತ್ತೀರಿ. ಗಾತ್ರ ದೊಡ್ಡದಾದರೂ ತೂಕ ಕಡಿಮೆ, ಒತ್ತಿದರೆ ಮೆತ್ತಗೆ, ನೀರಿಗೆ ಹಾಕಿದರೆ ತೇಲುತ್ತದೆ. ಅದರೊಳಗೆಲ್ಲ ಗಾಳಿ ಇರುವುದೇ ಕಾರಣ. ನಮ್ಮ ಶ್ವಾಸಕೋಶವೂ ಅಂತಹದೇ. ಬಲಗಡೆಯದಕ್ಕೆ ಮೂರು ಹಾಲೆ, ಎಡಗಡೆಯದಕ್ಕೆ ಎರಡು. ಹೃದಯಕ್ಕೆ ಜಾಗ ಬಿಡಬೇಕಾದುದರಿಂದ ಎಡಗಡೆಯದು ಸ್ವಲ್ಪ ಚಿಕ್ಕದು. ಶ್ವಾಸನಾಳ ಎರಡಾಗಿ, ನಾಲ್ಕಾಗಿ ಮರದ ಕೊಂಬೆಗಳಂತೆ ಕವಲೊಡೆಯುತ್ತ ಹೋಗಿ, ಕೊನೆಯಲ್ಲಿ ದ್ರಾಕ್ಷಿಗೊಂಚಲಿನಂತಹ ಸಣ್ಣ ಗಾಳಿಚೀಲಗಳಲ್ಲಿ ಮುಗಿಯುತ್ತದೆ. ಇವು ಸುಮಾರು 30 ಕೋಟಿಗೂ ಹೆಚ್ಚು. ಇವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರು, ಅಂದರೆ ಅರ್ಧ ಗುಂಟೆಗೂ ಮಿಗಿಲಾದ ನೆಲವಾಗುತ್ತದೆ. ಅಷ್ಟು ಜಮೀನನ್ನು ಮಡಿಸಿ ಎದೆಯೊಳಗೆ ಇಟ್ಟಿದೆ! ಇಲ್ಲಿಯೇ ರಕ್ತವು ಆಮ್ಲಜನಕವನ್ನು ಪಡೆದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುವುದು.

ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಹಗಲಿರುಳು ಇವು ಧೂಳನ್ನೂ ಕಫವನ್ನೂ ಮೇಲಕ್ಕೆ ಗುಡಿಸುತ್ತಿರುತ್ತವೆ. ಬೀಡಿಯ ಹೊಗೆ ಈ ಪೊರಕೆಯನ್ನೇ ಹಾಳುಮಾಡುತ್ತದೆ. ಕಸ ಒಳಗೆ ಉಳಿಯುತ್ತದೆ. ಬೀಡಿ ಸೇದುವವರು ಬೆಳಿಗ್ಗೆ ಎದ್ದೊಡನೆ ಕೆಮ್ಮಿ ಕೆಮ್ಮಿ ಕಫ ತೆಗೆಯುವುದು ಇದರಿಂದಲೇ.

3. ಪಂಪು

ಎರಡು ಶ್ವಾಸಕೋಶಗಳ ನಡುವೆ, ಎದೆಮೂಳೆಯ ಹಿಂದೆ, ಸ್ವಲ್ಪ ಎಡಕ್ಕೆ ವಾಲಿಕೊಂಡು ಹೃದಯವಿದೆ. ಗಾತ್ರ ಅವರವರ ಮುಷ್ಟಿಯಷ್ಟು, ತೂಕ ಸುಮಾರು 300 ಗ್ರಾಂ. ನಿಮಿಷಕ್ಕೆ 70ರ ಹಾಗೆ ಬಡಿದರೆ ದಿನಕ್ಕೆ ಒಂದು ಲಕ್ಷ ಬಡಿತ. ನಿಮಿಷಕ್ಕೆ 5 ಲೀಟರಿನಂತೆ ದಿನವೊಂದಕ್ಕೆ 7,000 ಲೀಟರಿಗೂ ಮಿಗಿಲಾದ ರಕ್ತವನ್ನು ಇದು ದೂಡುತ್ತದೆ. ಇರುವ ರಕ್ತವಾದರೋ ಸುಮಾರು 5 ಲೀಟರು. ಅದೇ ಮತ್ತೆ ಮತ್ತೆ ಸುತ್ತುತ್ತದೆ. ಈ ಲೆಕ್ಕವನ್ನೇ ಹಾಕಿ, ಇಷ್ಟು ರಕ್ತ ಊಟದಿಂದ ಹೊಸದಾಗಿ ಹುಟ್ಟಲಾರದು, ತಿರುಗಿ ಬರುತ್ತಲೇ ಇರಬೇಕು ಎಂದು ತೋರಿಸಿದವರು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ. ಅವರ ಪುಸ್ತಕ ಅಚ್ಚಾದುದು 1628ರಲ್ಲಿ.

ಹೃದಯದಲ್ಲಿ ನಾಲ್ಕು ಕೋಣೆಗಳು. ಬಲಗಡೆಯ ಎರಡು ಕೋಣೆಗಳು ಮೈಯಿಂದ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತವೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಎಡಗಡೆಯ ಕೋಣೆಗಳು ತಲೆಯಿಂದ ಅಂಗಾಲಿನವರೆಗೆ ದೂಡುತ್ತವೆ. ದೂರಕ್ಕೆ ದೂಡಬೇಕಾದುದರಿಂದ ಎಡಗಡೆಯ ಕೆಳಕೋಣೆಯ ಗೋಡೆ ಬಹಳ ದಪ್ಪ. ಕುರಿಯ ಗುಂಡಿಗೆಯನ್ನು ಸೀಳಿದಾಗ ಇದನ್ನು ಸ್ಪಷ್ಟವಾಗಿ ಕಾಣಬಹುದು. ರಕ್ತ ಹಿಂದಕ್ಕೆ ಸರಿಯದಂತೆ ತಡೆಯಲು ನಾಲ್ಕು ಕವಾಟಗಳಿವೆ. ನಮ್ಮ ಫುಟ್‌ವಾಲ್ವು ಮಾಡುವ ಕೆಲಸವೇ ಇವುಗಳದು. ಎದೆಗೆ ಕಿವಿಯಿಟ್ಟಾಗ ಕೇಳಿಸುವ ‘ಲಬ್-ಡಬ್’ ಈ ಕವಾಟಗಳು ಮುಚ್ಚುವ ಸದ್ದು.

ಇನ್ನು ಮುಖ್ಯವಾದ ಮಾತು. ಕೋಣೆಗಳ ತುಂಬ ರಕ್ತವಿದ್ದರೂ ಹೃದಯದ ದಪ್ಪ ಮಾಂಸಕ್ಕೆ ಅದರಿಂದ ಪೋಷಣೆ ದೊರೆಯುವುದಿಲ್ಲ. ದೊಡ್ಡ ಕಾಲುವೆ ಪಕ್ಕದಲ್ಲಿಯೇ ಹರಿದರೂ ತೂಬಿಲ್ಲದೆ ಗದ್ದೆಗೆ ನೀರು ಬಾರದಷ್ಟೆ? ಹಾಗೆಯೇ ಹೃದಯದಿಂದ ಹೊರಡುವ ಮಹಾಧಮನಿಯ ಬುಡದಲ್ಲಿ ಎರಡು ಸಣ್ಣ ಕಾಲುವೆಗಳು ಕವಲೊಡೆದು ಹೃದಯದ ಮಾಂಸಕ್ಕೆ ರಕ್ತ ಹಾಯಿಸುತ್ತವೆ. ವರ್ಷಗಟ್ಟಲೆ ಇವುಗಳ ಒಳಗೋಡೆಗೆ ಕೊಬ್ಬು ಕಟ್ಟುತ್ತ ಬಂದು, ಒಂದು ದಿನ ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಕಾಲುವೆ ಮುಚ್ಚುತ್ತದೆ. ಇದೇ ಹೃದಯಾಘಾತ. ಬಾಡಿದ ಪೈರಿಗೆ ಬೇಗ ನೀರು ಕೊಟ್ಟರೆ ಚೇತರಿಸಿಕೊಳ್ಳುತ್ತದೆ, ಒಣಗಿದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಹೃದಯದ ಮಾಂಸವೂ ಹಾಗೆಯೇ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಇದೆ, ನಳಿಕೆ ತೂರಿಸಿ ಕಾಲುವೆ ಬಿಡಿಸುವ ಚಿಕಿತ್ಸೆಯೂ ಇದೆ. ಎರಡರ ಫಲವೂ ರೋಗಿ ಎಷ್ಟು ಬೇಗ ತಲುಪಿದನೆಂಬುದರ ಮೇಲೆ ನಿಂತಿದೆ.

4. ನಾವು ಮೋಸ ಹೋಗುವುದೆಲ್ಲಿ?

ಗಂಟಲಿನಿಂದ ಜಠರಕ್ಕೆ ಹೋಗುವ ಅನ್ನನಾಳ ಸುಮಾರು 25 ಸೆಂಟಿಮೀಟರು ಉದ್ದ. ಅದು ಹೃದಯದ ಬೆನ್ನಿಗೇ ತಾಗಿಕೊಂಡು ಇಳಿದು, ವಪೆಯಲ್ಲಿರುವ ಒಂದು ಕಂಡಿಯ ಮೂಲಕ ಹೊಟ್ಟೆಯನ್ನು ಸೇರುತ್ತದೆ. ಜಠರದ ಹುಳಿ ಮೇಲಕ್ಕೆ ಉಕ್ಕಿದರೆ ಉರಿಯುವುದು ಎದೆಮೂಳೆಯ ಹಿಂದೆ. ಹೃದಯ ನೋಯುವುದೂ ಅಲ್ಲಿಯೇ. ಎರಡರ ನೋವನ್ನೂ ಮಿದುಳಿಗೆ ಒಯ್ಯುವ ನರಗಳು ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತವೆ. ಆದಕಾರಣ ಇದು ಗ್ಯಾಸೋ ಹೃದಯವೋ ಎಂದು ರೋಗಿಗೇ ತಿಳಿಯುವುದಿಲ್ಲ. ವೈದ್ಯರೂ ಮುಖ ನೋಡಿ ಹೇಳುವುದಿಲ್ಲ, ಇ.ಸಿ.ಜಿ. ತೆಗೆದು ನೋಡುತ್ತಾರೆ. ಹೀಗಿರುವಾಗ ಕಣದಲ್ಲಿ ನಿಂತ ನಾವು ‘ವಾಯು’ ಎಂದು ತೀರ್ಪು ಕೊಡುವುದು ಸರಿಯೆ?

ಈ ಚಿಹ್ನೆಗಳನ್ನು ನೆನಪಿಡಿ: ಎದೆಯ ನಡುವೆ ಕಲ್ಲು ಹೇರಿದಂತಹ ಭಾರ ಅಥವಾ ಹಿಂಡಿದಂತಹ ನೋವು, ಅದು ತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ವಾಂತಿ, ಏದುಸಿರು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ಕೆಲವೊಮ್ಮೆ ನೋವು ಕಡಿಮೆಯಿದ್ದು, ಬರೀ ಸುಸ್ತು, ಬೆವರು, ಏದುಸಿರು ಕಾಣಿಸಬಹುದು.

ಹಾಗೆ ಕಂಡರೆ ಮಾಡಬೇಕಾದುದು ಇಷ್ಟು. ರೋಗಿಯನ್ನು ನಡೆಸಬೇಡಿ, ಒರಗಿಸಿ ಕೂರಿಸಿ. ಕೂಡಲೇ 108ಕ್ಕೆ ಫೋನು ಮಾಡಿ. ಗಾಡಿ ಬರುವುದು ತಡವಾಗುವಂತಿದ್ದರೆ ಊರಿನ ಕಾರೋ ಜೀಪೋ ಹತ್ತಿಸಿ ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ವೈದ್ಯರು ಹೇಳದೆ ಯಾವ ಮಾತ್ರೆಯನ್ನೂ ಕೊಡಬೇಡಿ. ರೋಗಿ ಪ್ರಜ್ಞೆ ತಪ್ಪಿ ಉಸಿರೂ ನಿಂತರೆ, ಅಂಗಾತ ಮಲಗಿಸಿ, ಎದೆಮೂಳೆಯ ಕೆಳಭಾಗದ ಮೇಲೆ ಎರಡೂ ಅಂಗೈಯನ್ನು ಒಂದರ ಮೇಲೊಂದಿಟ್ಟು ಸುಮಾರು 5 ಸೆಂಟಿಮೀಟರು ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ಎದೆಮೂಳೆಗೂ ಬೆನ್ನುಮೂಳೆಗೂ ನಡುವೆ ಸಿಕ್ಕಿದ ಹೃದಯ ಹಿಂಡಿದಂತಾಗಿ ಮಿದುಳಿಗೆ ಸ್ವಲ್ಪವಾದರೂ ರಕ್ತ ಹೋಗುತ್ತದೆ. ನೆರವು ಬರುವವರೆಗೆ ನಿಲ್ಲಿಸಬಾರದು.

5. ಎರಡು ವಾರದ ಕೆಮ್ಮು

ಹೃದಯದ ತೊಂದರೆ ಗಂಟೆಗಳ ಲೆಕ್ಕದ್ದಾದರೆ, ಶ್ವಾಸಕೋಶದ ಕ್ಷಯ ವಾರಗಳ ಲೆಕ್ಕದ್ದು. ಇದಕ್ಕೆ ಕಾರಣ ಒಂದು ಸೂಕ್ಷ್ಮಜೀವಿ. ಶಾಪವೂ ಅಲ್ಲ, ಪಾಪದ ಫಲವೂ ಅಲ್ಲ. ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲಿ ಅದನ್ನು ಕಂಡುಹಿಡಿದರು. ರೋಗಿ ಕೆಮ್ಮಿದಾಗ ಗಾಳಿಯಲ್ಲಿ ಹರಡಿ ಇನ್ನೊಬ್ಬರ ಗಾಳಿಚೀಲವನ್ನು ಸೇರುತ್ತದೆ.

ಹಿಂದೆ ಕ್ಷಯರೋಗಿಗಳನ್ನು ದೂರದ ಸ್ಯಾನಟೋರಿಯಂಗಳಿಗೆ ಕಳುಹಿಸುತ್ತಿದ್ದರು. ಮನೆಯಲ್ಲಿಯೇ ಇದ್ದು ಮಾತ್ರೆ ನುಂಗಿದರೂ ಅಷ್ಟೇ ಗುಣವಾಗುತ್ತದೆ ಎಂದು ಮದರಾಸಿನಲ್ಲಿ ನಡೆದ ಪ್ರಯೋಗವೊಂದು 1959ರಲ್ಲಿ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಆ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ಕ್ಷಯದ ಚಿಹ್ನೆಯಿದ್ದವರಲ್ಲಿ ಹೆಚ್ಚಿನವರಿಗೆ ತಮಗೆ ಮೈ ಸರಿಯಿಲ್ಲವೆಂದು ಗೊತ್ತೇ ಇತ್ತು. ಸುಮಾರು ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. 1963ರಲ್ಲಿ ಪ್ರಕಟವಾದ ಈ ಸಂಗತಿ ಹಳ್ಳಿಗರಿಗೆ ಗೌರವ ತರುವಂತಹದು. ಕೆಮ್ಮನ್ನು ಗುರುತಿಸುವುದು ನಮಗೆ ಗೊತ್ತಿದೆ. ಕಫ ಪರೀಕ್ಷೆ ಮಾಡಿಸುವುದನ್ನು ಮಾತ್ರ ಬಿಡಬಾರದು.

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಮೈ ಇಳಿಯುವುದು, ಕಫದಲ್ಲಿ ರಕ್ತ — ಇವುಗಳಲ್ಲಿ ಯಾವುದೊಂದಿದ್ದರೂ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ. ಪೌಷ್ಟಿಕ ಆಹಾರಕ್ಕಾಗಿ ಸರ್ಕಾರ ಕೊಡುವ ನೆರವನ್ನು 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಯಿತು. ಒಂದೆರಡು ತಿಂಗಳಿಗೆ ಮೈ ತುಂಬಿಕೊಂಡಿತೆಂದು ಮಾತ್ರೆ ಬಿಡುವುದು ದೊಡ್ಡ ತಪ್ಪು. ಅರ್ಧ ಕಿತ್ತ ಗರಿಕೆ ಮತ್ತೆ ಚಿಗುರುವಂತೆ ರೋಗವೂ ಚಿಗುರುತ್ತದೆ, ಆಗ ಹಳೆಯ ಮಾತ್ರೆಗೆ ಬಗ್ಗದಿರಲೂಬಹುದು.

6. ಎದೆಯನ್ನು ಕಾಪಾಡಿಕೊಳ್ಳುವ ಬಗೆ

ಬೀಡಿ, ಸಿಗರೇಟು ಬಿಡಿ. ಹೃದಯಕ್ಕೂ ಶ್ವಾಸಕೋಶಕ್ಕೂ ಅದು ಸಮಾನ ಶತ್ರು. ಸೌದೆ ಒಲೆಯಿದ್ದರೆ ಹೊಗೆ ಹೋಗಲು ಕೊಳವೆ ಇಡಿಸಿ. ಅಡಿಗೆಮನೆಯ ಹೆಣ್ಣುಮಕ್ಕಳು ಬೀಡಿ ಮುಟ್ಟದೆಯೇ ಹೊಗೆ ಕುಡಿಯುತ್ತಿದ್ದಾರೆ. ಒಕ್ಕಣೆ, ತೂರುವಿಕೆಯಲ್ಲಿ ಮೂಗು ಬಾಯಿಗೆ ಬಟ್ಟೆ ಕಟ್ಟಿ. ಬೂಷ್ಟು ಹಿಡಿದ ಹುಲ್ಲನ್ನು ಒಣಗಿದಂತೆಯೇ ಕೊಡವಬೇಡಿ. ಔಷಧಿ ಸಿಂಪಡಿಸುವಾಗ ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ನೋಡಿಸಿ.

ಯುವಕ ಸಂಘ, ಮಹಿಳಾ ಸಂಘಗಳಲ್ಲಿ ಚರ್ಚಿಸಲು ಪ್ರಶ್ನೆಗಳು

1. ವಪೆ ಎಲ್ಲಿದೆ? ಉಸಿರಾಟದಲ್ಲಿ ಅದರ ಕೆಲಸವೇನು?
2. ಹೃದಯದ ತುಂಬ ರಕ್ತವಿದ್ದರೂ ಅದಕ್ಕೆ ಬೇರೆ ಕಾಲುವೆ ಏಕೆ ಬೇಕು?
3. ಎದೆನೋವನ್ನು ‘ವಾಯು’ ಎಂದು ನಾವೇ ತೀರ್ಮಾನಿಸಬಾರದೇಕೆ?
4. ನಮ್ಮ ಊರಿನಿಂದ ಇ.ಸಿ.ಜಿ. ಇರುವ ಆಸ್ಪತ್ರೆ ಎಷ್ಟು ದೂರ? ರಾತ್ರಿ ಹೊತ್ತು ಯಾರ ಗಾಡಿ ಸಿಗುತ್ತದೆ?

ನಾಲ್ಕನೆಯ ಪ್ರಶ್ನೆಗೆ ಉತ್ತರ ಈ ಪಾಠದಲ್ಲಿಲ್ಲ, ನಿಮ್ಮ ಊರಿನಲ್ಲಿದೆ. ಈ ವಾರವೇ ಸೇರಿ ಗೊತ್ತುಮಾಡಿ ಗೋಡೆಯ ಮೇಲೆ ಬರೆದಿಡಿ. ಮುಂದಿನ ಸುಗ್ಗಿಯಲ್ಲಿ ಕಣದಂಚಿನಲ್ಲಿ ಯಾರಾದರೂ ಎದೆ ಒತ್ತಿಕೊಂಡು ಕುಳಿತರೆ ಸೋಡಾ ತರಲು ಓಡದೆ ಗಾಡಿ ತರಲು ಓಡೋಣ.

ನಿಮ್ಮ ಗ್ರಾಮಸೇವಕ