ದ್ವೀಪದ ಫುಟ್‌ಬಾಲಿಗೆ ಲೇಖನ ಎಲ್ಲಿ ಹುಡುಕಲಿ?

ಪ್ರಶ್ನೆ: ನಾನು ಕಾಸರಗೋಡಿನ ಕಡೆಯವಳು. ಗಂಡನಿಗೆ ವಲ್ಲಾರ್ಪಾಡಂ ದ್ವೀಪದ ಕಂಟೇನರ್ ಟರ್ಮಿನಲ್‌ನಲ್ಲಿ ಕೆಲಸ, ಮನೆಯೂ ಅಲ್ಲೇ. ನಾನು ಎರ್ನಾಕುಳಂನಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಕಿರುಪ್ರಬಂಧಕ್ಕೆ ‘ಕ್ರೀಡೆ ಮತ್ತು ಸಮಾಜ’ ಎಂಬ ವಿಷಯ ತೆಗೆದುಕೊಂಡೆ. ನೆಟ್‌ನಲ್ಲಿ ಹುಡುಕಿದರೆ ಬರೀ ಪಂದ್ಯದ ವರದಿಗಳು. ಒಳ್ಳೆಯ ಲೇಖನ ಕಂಡರೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳುತ್ತದೆ. ಗೈಡ್ ಎದುರು ಬರಿಗೈಲಿ ನಿಲ್ಲಲು ಸಂಕೋಚ. ವಿಷಯವನ್ನೇ ಬದಲಾಯಿಸಲೇ?

ಉತ್ತರ: ಬದಲಾಯಿಸಬೇಡಿ, ಕತ್ತರಿಸಿ. ‘ಕ್ರೀಡೆ ಮತ್ತು ಸಮಾಜ’ ಎನ್ನುವುದು ಇಡೀ ಒಂದು ಅಧ್ಯಯನ ಕ್ಷೇತ್ರದ ಹೆಸರು. ಅದನ್ನು ಟೈಪ್ ಮಾಡಿದರೆ ಯಾವ ಹುಡುಕುಯಂತ್ರವೂ ನಿಮಗೆ ದಾರಿ ತೋರಿಸದು. ಯಾವ ಆಟ, ಯಾರು ಆಡುವವರು, ಯಾವ ಕಾಲ — ಈ ಮೂರನ್ನು ಮೊದಲು ಗೊತ್ತುಮಾಡಿಕೊಳ್ಳಿ. ನೀವಿರುವ ಜಾಗವೇ ವಿಷಯ ಕೊಡುತ್ತಿದೆಯಲ್ಲ! ಲ್ಯಾಟಿನ್ ಕ್ಯಾಥೊಲಿಕರ ಕರಾವಳಿ ಊರುಗಳಲ್ಲಿ ಫುಟ್‌ಬಾಲ್. ಉದಾಹರಣೆಗೆ, ತಿರುವನಂತಪುರಂ ಜಿಲ್ಲೆಯ ತೆಂಕಣ ತುದಿಯಲ್ಲಿರುವ ಪೊಳಿಯೂರು ಮೀನುಗಾರರ ಊರು. ರಾಷ್ಟ್ರಮಟ್ಟದ ಸಂತೋಷ್ ಟ್ರೋಫಿ ಪಂದ್ಯಾವಳಿಗೆ ಅದು ಹಲವು ಆಟಗಾರರನ್ನು ಕೊಟ್ಟಿದೆ. ನಿಮ್ಮ ದ್ವೀಪದ ಹುಡುಗರನ್ನು ಅವರ ಪಕ್ಕದಲ್ಲಿಟ್ಟು ನೋಡಬಹುದು.

ಇನ್ನು ಹುಡುಕಾಟ. ನೂರು ಲೇಖನಗಳ ಹಿಂದೆ ಓಡಬೇಡಿ, ಒಂದು ಗಟ್ಟಿ ಲೇಖನ ಸಾಕು. ಗೋವಾದ ಫುಟ್‌ಬಾಲ್ ಮತ್ತು ಕ್ಯಾಥೊಲಿಕ್ ಚರ್ಚ್ ಬಗ್ಗೆ ಜೇಮ್ಸ್ ಮಿಲ್ಸ್ ಬರೆದಿದ್ದಾರೆ. ಅವರೂ ಪಾಲ್ ಡಿಮಿಯೊ ಅವರೂ ಸಂಪಾದಿಸಿದ ‘ಸಾಕರ್ ಇನ್ ಸೌತ್ ಏಷ್ಯಾ’ 2001ರಲ್ಲಿ ಬಂತು. ಅಲ್ಲಿಂದ ಶುರು ಮಾಡಿ. ಕೊನೆಯ ಗ್ರಂಥಸೂಚಿ ನಿಮ್ಮನ್ನು ಹಿಂದಿನ ಬರಹಗಳಿಗೆ ಒಯ್ಯುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಅದೇ ಶೀರ್ಷಿಕೆಯ ಕೆಳಗಿರುವ ‘ಸೈಟೆಡ್ ಬೈ’ ಒತ್ತಿದರೆ, ಆಮೇಲೆ ಅದನ್ನು ಉಲ್ಲೇಖಿಸಿದವರೆಲ್ಲ ಸಾಲಾಗಿ ಬರುತ್ತಾರೆ.

ಹುಡುಕುವಾಗ ಕಾಗುಣಿತದ ಮೇಲೆ ಕಣ್ಣಿರಲಿ. ಹಳೆಯ ಲೇಖನಗಳಲ್ಲಿ ಕೊಚ್ಚಿಯಿಲ್ಲ, ಕೊಚಿನ್ ಇದೆ; ತಿರುವನಂತಪುರಂ ಬದಲು ಟ್ರಿವೇಂಡ್ರಂ. ಫುಟ್‌ಬಾಲ್ ಎಂದು ಹಾಕಿದಲ್ಲಿ ಸಾಕರ್ ಎಂದೂ ಹಾಕಿ ನೋಡಿ. ಪತ್ರಿಕೆಗಳೂ ಹೆಸರು ಬದಲಿಸುತ್ತವೆ: ಈಗಿನ ‘ಸ್ಪೋರ್ಟ್ ಇನ್ ಸೊಸೈಟಿ’ 1998ರಲ್ಲಿ ಆರಂಭವಾದಾಗ ‘ಕಲ್ಚರ್, ಸ್ಪೋರ್ಟ್, ಸೊಸೈಟಿ’ ಆಗಿತ್ತು. ‘ಸಾಕರ್ ಅಂಡ್ ಸೊಸೈಟಿ’, 1966ರಿಂದ ಬರುತ್ತಿರುವ ‘ಇಂಟರ್‌ನ್ಯಾಷನಲ್ ರಿವ್ಯೂ ಫಾರ್ ದ ಸೋಶಿಯಾಲಜಿ ಆಫ್ ಸ್ಪೋರ್ಟ್’, ನಮ್ಮದೇ ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ (ಇಪಿಡಬ್ಲ್ಯೂ) — ಇವಿಷ್ಟನ್ನು ಬಿಡದೆ ತಡಕಿ.

ದುಡ್ಡಿನ ಮಾತು: ಸ್ವಂತ ಕಿಸೆಯಿಂದ ಒಂದು ಡಾಲರೂ ಕೊಡಬೇಡಿ. 2025ರ ಜನವರಿಯಲ್ಲಿ ಆರಂಭವಾದ ‘ಒಂದು ದೇಶ ಒಂದು ಚಂದಾ’ ಯೋಜನೆಯಡಿ ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಸುಮಾರು 13,000 ಪತ್ರಿಕೆಗಳು ತೆರೆದಿವೆ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ಲೈಬ್ರೇರಿಯನ್ನರನ್ನು ಕೇಳಿ. ಇಲ್ಲದಿದ್ದರೆ ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದು ತಿಂಗಳಿಗೆ 100 ಲೇಖನ ಓದಬಹುದು. ಲೇಖಕರಿಗೇ ಎರಡು ಸಾಲಿನ ಇಮೇಲ್ ಹಾಕಿ. ಬಹುಪಾಲು ಜನ ಸಂತೋಷದಿಂದಲೇ ಪ್ರತಿ ಕಳಿಸುತ್ತಾರೆ.

ಶೋಧಗಂಗಾ ಜಾಲತಾಣದಲ್ಲಿ ಪಿಎಚ್.ಡಿ. ಪ್ರಬಂಧಗಳು ಪೂರ್ತಿ ಸಿಗುತ್ತವೆ. ಆದರೆ ದೈಹಿಕ ಶಿಕ್ಷಣ ವಿಭಾಗದ ಪ್ರಬಂಧಗಳಲ್ಲಿ ಹೆಚ್ಚಿನವು ನಾಡಿಬಡಿತ, ಓಟದ ವೇಗ ಅಳೆಯುವಂಥವು. ನಿಮಗೆ ಬೇಕಾದ್ದು ಇತಿಹಾಸ, ಸಮಾಜಶಾಸ್ತ್ರ ವಿಭಾಗಗಳಲ್ಲಿ ಅಡಗಿರುತ್ತದೆ.

ಎಐ ಕೊಟ್ಟ ಲೇಖನಪಟ್ಟಿಯನ್ನು ಮಾತ್ರ ಹಾಗೇ ನಂಬಬೇಡಿ. ಹುಟ್ಟದೇ ಇರುವ ಲೇಖನಕ್ಕೂ ಅದು ಸಂಪುಟ, ಪುಟಸಂಖ್ಯೆ ಕೊಡುತ್ತದೆ. ಪತ್ರಿಕೆಯ ತಾಣದಲ್ಲೇ ಕಣ್ಣಾರೆ ಕಂಡದ್ದನ್ನಷ್ಟೇ ಬರೆದುಕೊಳ್ಳಿ.

ವಿದ್ವತ್ ಲೇಖನ ಸಿಗದ ಕಡೆ ಹಳೆಯ ವಾರ್ತಾಪತ್ರಿಕೆ ಕೈಹಿಡಿಯುತ್ತದೆ. 1973ರ ಡಿಸೆಂಬರಿನಲ್ಲಿ ಕೇರಳ ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದದ್ದು ನಿಮ್ಮ ಎರ್ನಾಕುಳಂನ ಮಹಾರಾಜಾಸ್ ಕಾಲೇಜು ಮೈದಾನದಲ್ಲೇ, ರೈಲ್ವೇಸ್ ವಿರುದ್ಧ, ನಾಯಕ ಮಣಿಯವರ ಹ್ಯಾಟ್ರಿಕ್‌ನಿಂದ. ಆ ವಾರದ ಮಲಯಾಳ ಪತ್ರಿಕೆಗಳಿಗಾಗಿ ತಿರುವನಂತಪುರಂನ ಪಾಳಯಂಗೆ ಹೋಗಿ ವಿಚಾರಿಸಿ; 1829ರಲ್ಲಿ ಸ್ಥಾಪನೆಯಾದ ಸ್ಟೇಟ್ ಸೆಂಟ್ರಲ್ ಲೈಬ್ರರಿಯೂ ಕೇರಳ ವಿಶ್ವವಿದ್ಯಾಲಯದ ಗ್ರಂಥಾಲಯವೂ ಅಲ್ಲೇ ಇವೆ.

ಗೈಡ್ ವಿಷಯದಲ್ಲಿ ಸಂಕೋಚ ಬಿಡಿ. ಈ ವಾರವೇ ಕತ್ತರಿಸಿದ ವಿಷಯವನ್ನು ಅರ್ಧ ಪುಟಕ್ಕೆ ಇಳಿಸಿ, ಓದಿದ ನಾಲ್ಕೈದು ಲೇಖನಗಳ ಹೆಸರು ಸೇರಿಸಿ ಅವರ ಮುಂದಿಡಿ.