ಗೇರ್ ಹಿಡಿಕೆಗೆ ಜಾಲಿ ಕಟ್ಟಿಗೆ

ಮುನವಳ್ಳಿ, ಸವದತ್ತಿ ಕಡೆಯ ಕಾರುಪ್ರಿಯರೇ, ಗೇರಿಗೆ ಕಟ್ಟಿಗೆಯ ಹಿಡಿಕೆ ಮಾಡುವ ಆಸೆಯಿದ್ದರೆ ದೂರದ ಮರ ಹುಡುಕಬೇಡಿ. ಚಕ್ಕಡಿ ಗಾಲಿಗೂ ಕೂರಿಗೆ, ಕುಂಟೆಗೂ ನಮ್ಮ ಬಡಿಗೇರರು ಬಳಸುತ್ತ ಬಂದ ಜಾಲಿಯೇ ಸಾಕು. ಹೊರಗಿನ ಬಿಳಿ ಭಾಗ ಬಿಟ್ಟು ಕೆಂಗಂದು ತಿರುಳನ್ನಷ್ಟೇ ಆರಿಸಿ. ಮುರಿದ ಹಳೆಯ ಚಕ್ಕಡಿಯ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು, ಅದು ಚೆನ್ನಾಗಿ ಒಣಗಿರುತ್ತದೆ. ಹಸಿ ಕಟ್ಟಿಗೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಸೀಳುತ್ತದೆ.

ಹೆಚ್ಚಿನವರು ಎಡವುವುದು ಥ್ರೆಡ್ಡಿನಲ್ಲಿ. ಹೋಂಡಾದಲ್ಲಿ ಸಾಮಾನ್ಯವಾಗಿ 10 ಮಿ.ಮೀ. ದಪ್ಪ, 1.5 ಪಿಚ್, ಟೊಯೋಟಾದಲ್ಲಿ 12 ಮಿ.ಮೀ., 1.25 ಪಿಚ್. ಕೆಲವು ಕಾರುಗಳಲ್ಲಿ ಥ್ರೆಡ್ಡೇ ಇರುವುದಿಲ್ಲ, ಹಿಡಿಕೆಯನ್ನು ಒತ್ತಿ ಕೂರಿಸಿರುತ್ತಾರೆ. ಆದ್ದರಿಂದ ಹಳೆಯದನ್ನು ಬಿಚ್ಚಿ, ಅಳೆದು, ಆಮೇಲೆ ಕಟ್ಟಿಗೆಗೆ ಕೈ ಹಾಕಿ. ರಿವರ್ಸಿಗೆ ಎತ್ತುವ ಉಂಗುರವಿದ್ದರೆ ಅದು ಆಡಲು ಜಾಗ ಬಿಡಿ. ಕಟ್ಟಿಗೆಯಲ್ಲೇ ಥ್ರೆಡ್ ಕೊರೆದರೆ ಬೇಗ ಸವೆದು ಸಡಿಲಾಗುತ್ತದೆ. ಥ್ರೆಡ್ ಇರುವ ಹಿತ್ತಾಳೆ ಬುಶ್ ತಂದು ಎಪಾಕ್ಸಿ ಹಚ್ಚಿ ಕೂರಿಸಿ.

ರೇಸಿಗೆಂದೇ ಕಟ್ಟಿದ ಪೋರ್ಷೆ 917ರಲ್ಲೂ ತೂಕ ಉಳಿಸಲು ಕಟ್ಟಿಗೆಯ ಹಿಡಿಕೆಯನ್ನೇ ಹಾಕಿದ್ದರು ಎಂಬುದು ನನಗೆ ಬಲು ಖುಷಿ ಕೊಡುವ ಸಂಗತಿ.

ಚನ್ನಪಟ್ಟಣದ ಗೊಂಬೆಗಳ ಅರಗಿನ ಹೊಳಪು ಯಾರಿಗೆ ಬೇಡ? ಆದರೆ ಅರಗು ಕಾವಿಗೆ ಮೆತ್ತಗಾಗುವಂಥದು, ನಮ್ಮ ಏಪ್ರಿಲ್ ಬಿಸಿಲಿಗೆ ಕೈಗೆ ಅಂಟೀತು. ಬಣ್ಣದ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸಿ ಎಣ್ಣೆಯನ್ನು ತೆಳುವಾಗಿ ಸವರಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ ಸವರಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.