ಹಿಡಿದುಕೊಂಡ ಜಾವಾ ಇಂಜಿನ್ನನ್ನು ಬಿಡಿಸುವ ಕ್ರಮ

1. ಪೀಠಿಕೆ.— ಮೈಸೂರು ನಗರದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಎಂಬ ಮೋಟಾರ್ ಸೈಕಲುಗಳು ತಯಾರಾಗುತ್ತಿದ್ದುವು. ಅವುಗಳಲ್ಲಿ ಕೆಲವು ಇಂದಿಗೂ ಹಳ್ಳಿಗಳ ಕೊಟ್ಟಿಗೆಯ ಮೂಲೆಗಳಲ್ಲಿ ನಿಂತಿರುವುವು. ಹಿರಿಯರು ಓಡಿಸಿದ ಗಾಡಿಯೆಂಬ ಅಭಿಮಾನದಿಂದ ಮನೆಯವರು ಅದನ್ನು ಹೊರಕ್ಕೆ ತಂದು ಕಿಕ್ಕನ್ನು ತುಳಿದರೆ ಅದು ಕೆಳಗಿಳಿಯದು. ಆಗ ಅದರ ಮೇಲೆ ಹತ್ತಿ ನಿಲ್ಲುವುದು, ಸುತ್ತಿಗೆಯಿಂದ ಬಡಿಯುವುದು ವಾಡಿಕೆ. ಇಪ್ಪತ್ತು ವರ್ಷ ನಿಂತಿದ್ದೂ ಕೆಡದ ಭಾಗವು ಈ ಅರ್ಧ ಗಂಟೆಯಲ್ಲಿ ಒಡೆಯುವುದುಂಟು. ಆದುದರಿಂದ ಗ್ರಾಮದ ಮುಖಂಡರೂ ಜಮೀನ್ದಾರರೂ ಕೆಳಗಿನ ಕ್ರಮವನ್ನು ತಾವು ತಿಳಿದು ಇತರರಿಗೂ ತಿಳಿಸುವುದು ಉಚಿತ.

2. ಕಾರಣ.— ಈ ಇಂಜಿನ್ನಿನ ಸಿಲಿಂಡರು ಬೀಡು ಕಬ್ಬಿಣದ್ದು. ಅದರೊಳಗೆ ಆಡುವ ಪಿಸ್ಟನ್ನು ಅಲ್ಯೂಮಿನಿಯಂನದು. ಗಾಡಿಯು ಬಹುಕಾಲ ನಿಂತಾಗ ತೇವವು ಒಳಹೊಕ್ಕು, ಪಿಸ್ಟನ್ನಿನ ರಿಂಗುಗಳನ್ನು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಬೆಸೆಯುವುದು. ಓಡುತ್ತಿರುವಾಗಲೇ ಹಿಡಿದುಕೊಂಡಿದ್ದರೆ ಕಾರಣವು ಬೇರೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೆ ಜಿಡ್ಡು. ಅದು ಸಾಲದೆ ಹೋದರೆ ಪಿಸ್ಟನ್ನು ಕಾದು ಹಿಗ್ಗಿ, ಅದರ ಲೋಹವು ಗೋಡೆಗೆ ಮೆತ್ತಿಕೊಳ್ಳುವುದು. ಹೀಗಾದ ಪಿಸ್ಟನ್ನು ಸಡಿಲಗೊಂಡರೂ ಮತ್ತೆ ಉಪಯೋಗಕ್ಕೆ ಬರುವುದು ಅಪರೂಪ. ಗಾಡಿಯು ಹೇಗೆ ನಿಂತಿತೆಂಬುದನ್ನು ಮೊದಲು ವಿಚಾರಿಸತಕ್ಕದ್ದು.

3. ನೆನೆಸುವುದು.— ಟ್ಯಾಂಕಿನ ಪೆಟ್ರೋಲನ್ನು ಬಸಿದು ದೂರವಿಟ್ಟು, ಪ್ಲಗ್ಗನ್ನೂ ಹೆಡ್ಡನ್ನೂ ಕಳಚಿ, ಪಿಸ್ಟನ್ನು ಎಲ್ಲಿ ನಿಂತಿದೆಯೆಂದು ನೋಡತಕ್ಕದ್ದು. ಡೀಸೆಲ್ಲನ್ನೂ ತೆಳುವಾದ ಇಂಜಿನ್ ಎಣ್ಣೆಯನ್ನೂ ಸಮಭಾಗವಾಗಿ ಬೆರೆಸಿ, ಪಿಸ್ಟನ್ನಿನ ಅಂಚಿನ ಸುತ್ತಲೂ ಹರಿಯುವಂತೆ ಹೊಯ್ಯಬೇಕು. ಪಿಸ್ಟನ್ನು ಕೆಳಗಿದ್ದರೆ ಎಣ್ಣೆಯು ಹೊಗೆ ಹೋಗುವ ಕಂಡಿಯಿಂದ ಹೊರಕ್ಕೆ ಸೋರುವುದು. ಆದ್ದರಿಂದ ದಿನಕ್ಕೆ ಎರಡಾವೃತ್ತಿ ಹೊಯ್ಯುತ್ತಿರಬೇಕು. ಒಂದು ವಾರದಿಂದ ಹದಿನೈದು ದಿನಗಳವರೆಗೆ ಕಾಯುವುದು ಅವಶ್ಯ. ಮಳೆ ಬೀಳದ ನೆಲಕ್ಕೆ ನೇಗಿಲು ಹೂಡಿದರೆ ಗುಳ ಮುರಿಯುವುದೇ ಹೊರತು ಹೊಲ ಉಳಲಾಗದು. ಇಲ್ಲಿಯೂ ಹದ ಬರುವವರೆಗೆ ಕೈಯಿಡಕೂಡದು.

4. ಅಲುಗಿಸುವುದು.— ಅನಂತರ ಗಾಡಿಯನ್ನು ನಾಲ್ಕನೆಯ ಗೇರಿಗೆ ಹಾಕಿ, ಕ್ಲಚ್ಚನ್ನು ಹಿಡಿಯದೆ, ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ದೂಡಬೇಕು. ಸಿಲಿಂಡರು ಮೇಲಕ್ಕೇಳದಂತೆ ಭದ್ರವಾಗಿರಬೇಕು. ಕೂದಲೆಳೆಯಷ್ಟು ಅಲುಗಿದರೂ ಸಾಕು; ಮತ್ತೆ ಎಣ್ಣೆ ಹೊಯ್ದು ಮರುದಿನ ಪ್ರಯತ್ನಿಸಬಹುದು. ಅಲುಗದಿದ್ದರೆ, ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿದ ಗೋಣಿಯನ್ನು ಸಿಲಿಂಡರಿನ ಹೊರಗೆ ಸುತ್ತತಕ್ಕದ್ದು. ಅಲ್ಯೂಮಿನಿಯಂ ಬೀಡು ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವ ಲೋಹ. ಬಹಳ ಹೊತ್ತು ಕಾಯಿಸಿದರೆ ಪಿಸ್ಟನ್ನೂ ಹಿಗ್ಗಿ ಮತ್ತಷ್ಟು ಬಿಗಿಯುವುದು. ಹೊರಗೋಡೆ ಬಿಸಿಯಾಗಿ ಒಳಗಿನದು ತಣ್ಣಗಿರುವಾಗಲೇ ಅಲುಗಿಸಬೇಕು. ಬೆಂಕಿಯ ಉರಿಯನ್ನು ಹತ್ತಿರ ತರಲೇಕೂಡದು.

5. ಬಡಿಯುವುದು.— ಇದು ಕಡೆಯ ಉಪಾಯ. ಸಿಲಿಂಡರಿನ ಬಾಯಿಗಿಂತ ಸ್ವಲ್ಪ ಕಿರಿದಾದ ಗುಂಡನೆಯ ಮರದ ತುಂಡನ್ನು ಪಿಸ್ಟನ್ನಿನ ಮೇಲಿಟ್ಟು, ಮರದ ಕೊಡತಿಯಿಂದ ಹಗುರವಾಗಿ ತಟ್ಟಬೇಕು. ಪಿಸ್ಟನ್ನು ತುತ್ತತುದಿಯಲ್ಲಿಯೋ ತೀರ ಕೆಳಗೋ ನಿಂತಿದ್ದರೆ ತಟ್ಟಲೇಕೂಡದು. ಆಗ ಪೆಟ್ಟು ಕ್ರ್ಯಾಂಕನ್ನು ತಿರುಗಿಸದೆ ನೇರವಾಗಿ ಕನೆಕ್ಟಿಂಗ್ ರಾಡಿಗೂ ಬೇರಿಂಗಿಗೂ ಬೀಳುವುದು. ಸಿಲಿಂಡರಿನ ರೆಕ್ಕೆಗಳಿಗೆ ಸನಿಕೆಯನ್ನು ಸಿಕ್ಕಿಸಿ ಎತ್ತುವುದೂ ನಿಷಿದ್ಧ. ಬೀಡು ಕಬ್ಬಿಣವು ಬಾಗದೆ ಮುರಿಯುವುದು.

6. ಬಿಟ್ಟ ಮೇಲೆ.— ಪಿಸ್ಟನ್ನು ಸಡಿಲವಾದ ಸಂತೋಷದಲ್ಲಿ ಕೂಡಲೇ ಇಂಜಿನ್ನನ್ನು ಚಾಲೂ ಮಾಡಕೂಡದು. ಹೊಯ್ದ ಎಣ್ಣೆಯೂ ತುಕ್ಕಿನ ಪುಡಿಯೂ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಗೆ ಇಳಿದಿರುವುವು. ಸಿಲಿಂಡರನ್ನು ಕಳಚಿ, ಎಲ್ಲವನ್ನೂ ತೊಳೆದು, ಬೇರಿಂಗುಗಳು ಸದ್ದಿಲ್ಲದೆ ತಿರುಗುವುವೇ ಎಂದು ಪರೀಕ್ಷಿಸಿ, ರಿಂಗುಗಳನ್ನು ಬದಲಾಯಿಸತಕ್ಕದ್ದು. ಗೋಡೆಯಲ್ಲಿ ಗುಳಿ ಬಿದ್ದಿದ್ದರೆ ಕುಶಲ ಕೆಲಸಗಾರರಿಂದ ಕೊರೆಸಿ, ಅದಕ್ಕೆ ತಕ್ಕ ದೊಡ್ಡ ಅಳತೆಯ ಪಿಸ್ಟನ್ನನ್ನು ಹಾಕಿಸಬೇಕು. ಆ ಬಳಿಕ ಮೊದಮೊದಲು ಲೀಟರು ಪೆಟ್ರೋಲಿಗೆ 40 ಮಿಲಿಲೀಟರು ಟೂ ಸ್ಟ್ರೋಕ್ ಎಣ್ಣೆಯನ್ನು ತಪ್ಪದೆ ಬೆರೆಸಿ, ನಿಧಾನವಾಗಿ ಓಡಿಸತಕ್ಕದ್ದು. ಎಣ್ಣೆಯನ್ನು ಉಳಿಸಹೋದವರಿಗೆ ಇಷ್ಟೂ ಕೆಲಸವು ಮೊದಲಿನಿಂದ ಕಾದಿರುವುದು.